ಕಾಶಿಗೆ ಹೊರಟ ಸೈಕಲ್ಲು ಯಲ್ಲಾಪುರ ಮುಟ್ಟಿದ್ದು

ದೀಪಾವಳಿ ರಜೆಯ ಮೊದಲ ಬೆಳಿಗ್ಗೆ, ಶಿರಸಿಯ ಬಸ್‌ಸ್ಟ್ಯಾಂಡಿನ ಎದುರು, ನನ್ನ ಸೈಕಲ್ಲಿನ ಕ್ಯಾರಿಯರಿಗೆ ಕೊನೆಯ ಗಂಟನ್ನು ಕಟ್ಟಿ ಕೈಬಿಟ್ಟೆ. ಕೂಡಲೇ ಅದು ಕುದುರೆ ಮುಂಗಾಲೆತ್ತಿದ ಹಾಗೆ ಮುಂದಿನ ಗಾಲಿಯನ್ನು ಎತ್ತಿ ಹಿಂದಕ್ಕೆ ಕುಳಿತುಬಿಟ್ಟಿತು. ಬೀಳ್ಕೊಡಲು ಬಂದವರಲ್ಲಿ ಯಾರೂ ನಗಲಿಲ್ಲ. ಕಾಶಿಗೆ ಹೋಗುವ ಸೈಕಲ್ಲು ಹೀಗೇ ಇರಬೇಕು ಎಂದುಕೊಂಡರೋ ಏನೋ. ಸೈಕಲ್ ಶಾಪಿನ ಹುಸೇನ್ ಸಾಬರು ಮಾತ್ರ ಹತ್ತಿರ ಬಂದು, ಮೇಲೆದ್ದ ಗಾಲಿಯನ್ನು ಒಂದು ಸುತ್ತು ತಿರುಗಿಸಿ ನೋಡಿ, "ಬೇರಿಂಗ್ ಚಲೋ ಅದೆ" ಅಂದರು.

ಆಗ ನಾನು ಶಿರಸಿಯ ಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರ. ನಮ್ಮ ಜಿಲ್ಲೆ ಮುಂಬಯಿ ಸೀಮೆ ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಮುಂದಿನ ಬೇಸಿಗೆ ರಜೆಯಲ್ಲಿ ಸೈಕಲ್ ಮೇಲೆ ಕಾಶಿಗೆ ಹೋಗಿಬರುವುದೆಂದು ನಾನೂ ಗೆಳೆಯ ಬಸಣ್ಣನೂ ನಿಶ್ಚಯಿಸಿದ್ದೆವು. ಬಸಣ್ಣನ ಮನೆಯವರು ಬನವಾಸಿ ಕಡೆಯವರು. ಶಿರಸಿ ಪೇಟೆಯಲ್ಲಿ ಅವರದು ಅರಿವೆ ಅಂಗಡಿ. ಅವನ ಸೈಕಲ್ಲು ಸಂತೆಯಿಂದ ಸಂತೆಗೆ ಅರಿವೆಯ ಗಂಟು ಹೊತ್ತು ಪಳಗಿದ ಎರಡು ಅಡ್ಡಬಾರಿನ ಕರೀ ಸೈಕಲ್ಲು. ಅದಕ್ಕೆ ಹೊಸದಾಗಿ ಏನೂ ಮಾಡಿಸಬೇಕಾಗಿರಲಿಲ್ಲ.

ನನ್ನದು ಹುಬ್ಬಳ್ಳಿಯ ಕಾಲೇಜು ಹುಡುಗನೊಬ್ಬನಿಂದ ಕೊಂಡ ರೇಸಿನ ಸೈಕಲ್ಲು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಗಂಟೆಯೂ ಇಲ್ಲ. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿತ್ತು. ಸೀಟು ಕಾಯಿ ಹೆರೆಯುವ ಮಣೆಯ ನಾಲಿಗೆಯಷ್ಟು ಸಪೂರ. ಇಂಥದನ್ನು ಕಾಶಿಗೆ ಸಜ್ಜು ಮಾಡುವ ಕೆಲಸ ಮಳೆಗಾಲ ಪೂರ್ತಿ ನಡೆಯಿತು. ಹುಸೇನ್ ಸಾಬರು ಕಿಟಕಿಗೆ ಹಾಕುವ ಸರಳುಗಳನ್ನು ಬಾಗಿಸಿ ಕ್ಯಾರಿಯರ್ ಮಾಡಿಕೊಟ್ಟರು. ಸೈಕಲ್ಲಿಗಿಂತ ಅದೇ ಭಾರವಾಯಿತು. ಚಪ್ಪಲಿ ಹೊಲಿಯುವವರು ತಾಡಪಾಲಿನ ಎರಡು ಜೋಳಿಗೆ ಹೊಲಿದರು. ಸೀಟಿಗೆ ತೆಂಗಿನ ನಾರು ತುಂಬಿಸಿ, ಬಸಣ್ಣ ಕೊಟ್ಟ ಕೆಂಪು ಮಖಮಲ್ಲು ಹೊದಿಸಿದ್ದಾಯಿತು. ನೋಡಿದವರಿಗೆ ಅದರ ಮೇಲೆ ಉತ್ಸವಮೂರ್ತಿಯನ್ನು ಇಡಬೇಕು ಅನ್ನಿಸುವಂತಿತ್ತು. ಡೈನಮೋ, ಪಂಪು, ಎರಡು ಟ್ಯೂಬು, ಪಂಕ್ಚರಿನ ಸಾಮಾನು, ಸೀಮೆಎಣ್ಣೆ ಸ್ಟೋವು, ಸೊಳ್ಳೆಪರದೆ, ಬಸಣ್ಣನ ಅಂಗಡಿಯ ಮಿಲ್ ಬಟ್ಟೆಯ ಡೇರೆ, ಅಮ್ಮ ಕಟ್ಟಿಕೊಟ್ಟ ಅವಲಕ್ಕಿ ಮತ್ತು ಕಾಗದದಷ್ಟು ತೆಳ್ಳಗಿನ ಸಿಹಿ ತೊಡೆದೇವು. ಇವೆಲ್ಲ ಹಿಂದಿನ ಗಾಲಿಯ ಮೇಲೆಯೇ ಕುಳಿತಿದ್ದವು.

ಚಿತ್ರಕಲೆ ಗೊತ್ತಿದ್ದ ತಪ್ಪಿಗೆ ನಾನು ಇನ್ನೊಂದು ಕೆಲಸ ಮಾಡಿದ್ದೆ. ತಗಡಿನ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ "ಶಿರಸಿ – ಕಾಶಿ" ಎಂದು ಬರೆದು, ಕೆಳಗೆ ಗಂಗೆಯ ಎರಡು ಅಲೆ ಹಾಕಿ, ಸೈಕಲ್ಲಿನ ನಡುವೆ ಕಟ್ಟಿದ್ದೆ. "ಮೊದಲು ಸಿದ್ದಾಪುರಕ್ಕೆ ಹೋಗಿ ಬನ್ನಿ ಮಾಸ್ತರ್ರೇ, ಆಮೇಲೆ ಯಲ್ಲಾಪುರಕ್ಕೆ. ಅಷ್ಟು ತಡಕೊಂಡರೆ ಕಾಶಿ ಮಾತು" ಎಂದು ಹುಸೇನ್ ಸಾಬರು ಹೇಳಿದ್ದರಿಂದ ಇದು ಬರೀ ಪರೀಕ್ಷೆಯ ಸವಾರಿ. ಆದರೆ ಬರೆದ ಹಲಗೆಯನ್ನು ಬಿಚ್ಚಿಡಲು ಮನಸ್ಸಾಗಲಿಲ್ಲ.

ಸ್ಟೋವನ್ನೂ ನಟ್ಟು ಬಿಗಿಯುವ ಪಾನಗಳ ಚೀಲವನ್ನೂ ಹ್ಯಾಂಡಲ್ಲಿಗೆ ತೂಗುಹಾಕಿದ ಮೇಲೆ ಮುಂದಿನ ಗಾಲಿ ನೆಲ ಮುಟ್ಟಿತು. ಹೊರಟೆವು. ಸಿದ್ದಾಪುರದ ರಸ್ತೆಯಲ್ಲಿ ಏರು ಬಂದಲ್ಲೆಲ್ಲ ಇಳಿದು ದೂಡಿದೆವು. ಇಳಿಜಾರು ಬಂದಲ್ಲಿ ಬ್ರೇಕಿನ ಭರವಸೆ ಇಲ್ಲದೆ ಇಳಿದು ಹಿಡಿದುಕೊಂಡೆವು. ಬಾಗಿದ ಹ್ಯಾಂಡಲ್ಲಿನ ದೆಸೆಯಿಂದ ನನಗೆ ಕಾಡು, ಗದ್ದೆ, ಎದುರು ಬಂದ ಮನುಷ್ಯರು ಯಾವುದೂ ಕಾಣಲಿಲ್ಲ. ರಸ್ತೆಯ ಕಲ್ಲುಗಳ ಪರಿಚಯ ಮಾತ್ರ ಚೆನ್ನಾಗಿ ಆಯಿತು. ಬಸಣ್ಣ ಹಿಂದಿನಿಂದ, "ಮಾಸ್ತರ, ಎಡಕ್ಕ ನವಿಲದ ನೋಡ್ರಿ" ಎನ್ನುತ್ತಿದ್ದ. ನಾನು ತಲೆಯೆತ್ತುವಷ್ಟರಲ್ಲಿ ನವಿಲು ಹೋಗಿರುತ್ತಿತ್ತು.

ಸಿದ್ದಾಪುರದಲ್ಲಿ ಖಾನಾವಳಿಯ ಊಟ ಮುಗಿಸಿ ಹೊರಗೆ ಬಂದಾಗ ನನ್ನ ಸೈಕಲ್ಲು ಬೇರೆ ಯಾರದೋ ಹಾಗೆ ಕಂಡಿತು. ಹ್ಯಾಂಡಲ್ಲಿನ ಕೊಂಬುಗಳು ಎಮ್ಮೆಯವುಗಳಂತೆ ಆಕಾಶಕ್ಕೆ ತಿರುಗಿದ್ದವು. ಎದುರಿನ ಸೈಕಲ್ ಶಾಪಿನವನು ಕೈ ಒರೆಸಿಕೊಳ್ಳುತ್ತ ಬಂದ.

"ಯಾರೋ ಹ್ಯಾಂಡಲ್ಲು ಉಲ್ಟಾ ಕೂರಿಸಿಬಿಟ್ಟಿದ್ರು ಮಾಸ್ತರ್ರೇ. ಸರಿ ಮಾಡಿದ್ದೇನೆ. ದುಡ್ಡು ಬೇಡ, ಕಾಶಿಗೆ ಹೋಗುವವರ ಹತ್ತಿರ ತಗೊಳ್ಳೋದಿಲ್ಲ."

ಅವನ ಮುಖದಲ್ಲಿ ಪುಣ್ಯ ಗಳಿಸಿದ ಸಮಾಧಾನವಿತ್ತು. ನಾನು ಹತ್ತಿ ಕುಳಿತು ನೋಡಿದೆ. ಬೆನ್ನು ನೆಟ್ಟಗಾಯಿತು, ರಸ್ತೆಯ ಎರಡೂ ಬದಿ ಕಂಡಿತು. "ಈಗ ಮನಷ್ಯಾ ಕಂಡಂಗ ಕಾಣ್ತೀರಿ ನೋಡ್ರಿ" ಎಂದ ಬಸಣ್ಣ. ಹಾಗೇ ಬಿಟ್ಟೆವು. ಕ್ಯಾರಿಯರಿನ ಮೇಲಿದ್ದಾಗಲೇ ಸ್ಟೋವು ಸೋರಿ ಅವಲಕ್ಕಿಗೆಲ್ಲ ಸೀಮೆಎಣ್ಣೆಯ ವಾಸನೆ ಹತ್ತಿತ್ತು. ಅದನ್ನೂ ಸ್ಟೋವನ್ನೂ ಆ ಪುಣ್ಯವಂತನಿಗೇ ಕೊಟ್ಟುಬಿಟ್ಟೆವು. ತೊಡೆದೇವು ಹಿಟ್ಟಾಗಿತ್ತು. ಚಹಾಕ್ಕೆ ಕಲಸಿಕೊಂಡು ಕುಡಿದೆವು.

ಮರುದಿನ ಹೆಗ್ಗರಣೆಗೆಂದು ಹೊರಟವರು ದಾರಿ ತಪ್ಪಿ ತ್ಯಾಗಲಿಯ ಕಡೆ ಹೋದೆವು. ಮುಂದಿನ ಭಾರ ಕಡಿಮೆಯಾದ್ದನ್ನು ನಾನು ಮರೆತಿದ್ದೆ. ರಸ್ತೆ ಬದಿಯ ಒಂದು ಮನೆಯ ಎದುರು ಸಣ್ಣ ಏರಿನಲ್ಲಿ ಜೋರಾಗಿ ತುಳಿದೆ. ಸೈಕಲ್ಲು ಮುಂಗಾಲೆತ್ತಿತು. ನಾನು ಡೇರೆಯ ಮೇಲೆ ಅಂಗಾತ ಬಿದ್ದೆ. ಪೆಟ್ಟಾಗಲಿಲ್ಲ, ಆದರೆ ಏಳಲು ತಡವಾಯಿತು. ಆ ಮನೆಯ ಗೌರಕ್ಕ ಎಂಬ ಅರವತ್ತರ ಹತ್ತಿರದ ಹೆಂಗಸು ಓಡಿ ಬಂದು ನಮ್ಮನ್ನು ಜಗಲಿಗೆ ಕರೆದುಕೊಂಡು ಹೋಗಿ, ಬೆಲ್ಲ, ಮಜ್ಜಿಗೆ ತಂದಿಟ್ಟಳು.

"ಎಲ್ಲಿಗೆ ಹೊಂಟಿದ್ರಿ ತಮಾ?"

ನಾನು ಬಾಯಿ ತೆರೆಯುವ ಮೊದಲೇ ಬಸಣ್ಣ ಹಲಗೆಯನ್ನು ತೋರಿಸಿ, "ಕಾಶೀಗ್ರೀ ಅವ್ವಾರ" ಅಂದುಬಿಟ್ಟ. ಅವನು ಸುಳ್ಳು ಹೇಳುವವನಲ್ಲ. ಬರೆದದ್ದನ್ನು ಓದಿದ, ಅಷ್ಟೆ.

ಗೌರಕ್ಕ ಅಲ್ಲೇ ಕುಳಿತಳು. "ಎನ್ನ ತಮ್ಮ ಅಲ್ಲಿದ್ದ. ಸುಬ್ರಾಯ ಹೇಳಿ. ಓದಲೆ ಹೇಳಿ ಹೋದವ. ಇಪ್ಪತ್ತು ವರ್ಷ ಆತು."

"ಕಾಗದ ಗೀಗದ ಬತ್ತ ಅಕ್ಕ?" ಎಂದೆ. ಆಕೆಯದು ನನ್ನ ಮನೆಮಾತೇ.

"ಇಲ್ಲೆ. ಓದವು ಅಲ್ದ, ಪುರುಸೊತ್ತು ಸಿಕ್ಕಿದ್ದಿಲ್ಲೆ ಕಾಣ್ತು."

ಆಕೆ ಒಳಗೆ ಹೋಗಿ ಒಂದು ಭರಣಿ ತಂದಳು. ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು, ತುಂಬ ಅಪ್ಪೆಮಾವಿನ ಮಿಡಿಯ ಉಪ್ಪಿನಕಾಯಿ. "ಅಲ್ಲಿ ಅಪ್ಪೆಮಿಡಿ ಸಿಕ್ತಿಲ್ಲೆ. ಇದು ಇಲ್ದೆ ಅವಂಗೆ ಊಟ ಸೇರ್ತಿತ್ತಿಲ್ಲೆ. ಅವಂಗೆ ಕೊಡಿ."

"ಅಷ್ಟು ದೊಡ್ಡ ಊರಲ್ಲಿ ಅವನ ಹುಡುಕದು ಹೆಂಗೆ ಅಕ್ಕ?"

"ಸುಬ್ರಾಯನ ಮನೆ ಎಲ್ಲಿ ಹೇಳಿ ಕೇಳಿ. ಯಾರಾದ್ರೂ ತೋರಿಸ್ತ."

ನಾವು ಸಿದ್ದಾಪುರ ನೋಡಿ ತಿರುಗಿ ಹೋಗುವವರು ಎಂದು ಹೇಳಲು ನಾನು ಎರಡು ಸಲ ಗಂಟಲು ಸರಿಮಾಡಿಕೊಂಡೆ. ಆಕೆ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಗಂಟಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದಳು. ನಾನು ಎದ್ದು ಭರಣಿಗೆ ಕೈಯೊಡ್ಡಿದೆ. ಭರಣಿಯನ್ನು ಹ್ಯಾಂಡಲ್ಲಿಗೆ ಕಟ್ಟಿದೆವು. ಸೋಜಿಗವೆಂದರೆ ಇಡೀ ಮಳೆಗಾಲ ನಾವು ಹುಡುಕುತ್ತಿದ್ದ ಸಮತೋಲ ಆಗ ಸಿಕ್ಕಿತು. ಸೈಕಲ್ಲು ಒಳ್ಳೆಯ ಎತ್ತಿನ ಹಾಗೆ ನಡೆಯಿತು.

ಆ ರಾತ್ರಿ ಹೆಗ್ಗರಣೆಯಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಉಂಚಳ್ಳಿಯ ಜಲಪಾತ ನೋಡಿದೆವು. ಹೊಳೆ ಇನ್ನೂ ತುಂಬಿತ್ತು; ಕೆಳಗಿನಿಂದ ಹೊಗೆಯಂತೆ ನೀರು ಏಳುತ್ತಿತ್ತು. ಬಸಣ್ಣ ಅದನ್ನು ನೋಡುತ್ತ, "ಬ್ಯಾಸಗ್ಯಾಗ ನಾವು ಹೋಗೋದು ಆಗಲಿಲ್ಲಂದ್ರ ಆ ಭರಣಿ ಏನ್ ಮಾಡೂಣು ಮಾಸ್ತರ?" ಎಂದು ಕೇಳಿದ.

"ಹೋಗೇ ಹೋಗ್ತೇವೆ" ಎಂದೆ. ನನ್ನ ಮೊಣಕಾಲುಗಳು ಆ ಮಾತಿಗೆ ಒಪ್ಪಿರಲಿಲ್ಲ. ಏರಿನಲ್ಲಿ ಇನ್ನೊಬ್ಬರ ಸಹಾಯವಿಲ್ಲದೆ ಅವು ನೆಟ್ಟಗಾಗುತ್ತಿರಲಿಲ್ಲ.

ಸಂಜೆ ಶಿರಸಿಗೆ ಬಂದವರು, ಬೀಳ್ಕೊಟ್ಟವರ ಕಣ್ಣಿಗೆ ಬೀಳಬಾರದೆಂದು ಹುಸೇನ್ ಸಾಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದೆವು. ಡೇರೆ, ಸೊಳ್ಳೆಪರದೆಗಳನ್ನು ಅಲ್ಲೇ ಬಿಟ್ಟು, ಬೆಳಕು ಹರಿಯುವ ಮೊದಲೇ ಯಲ್ಲಾಪುರದ ರಸ್ತೆ ಹಿಡಿದೆವು. ಭರಣಿಯನ್ನೂ ಬಿಡಬಹುದಿತ್ತು. ಅದನ್ನು ಬಸಣ್ಣ ಆಗಲೇ ಹ್ಯಾಂಡಲ್ಲಿಗೆ ಕಟ್ಟಿಟ್ಟಿದ್ದ.

ಉಮ್ಮಚಗಿಯ ಹತ್ತಿರ ತಿರುವಿನಲ್ಲಿ ಹುಲ್ಲಿನ ಗಾಡಿಯೊಂದು ಎದುರಾಯಿತು. ನನ್ನ ಆಕಾಶ ನೋಡುವ ಕೊಂಬುಗಳನ್ನೂ ಕೆಂಪು ಮಖಮಲ್ಲನ್ನೂ ಕಂಡು ಎಡದ ಎತ್ತು ಅಡ್ಡ ಬಂತು. ನಾನು ಗಟಾರಕ್ಕೆ ಇಳಿದೆ. ಭರಣಿ ಕಲ್ಲಿಗೆ ತಾಗಿ ಬಿರುಕು ಬಿಟ್ಟಿತು. ಕೆಂಪಗಿನ ರಸ ನನ್ನ ಅಂಗಿಯ ಮೇಲೆ ಹರಿಯಿತು. ಗಾಡಿಯವನು ರಕ್ತವೆಂದು ತಿಳಿದು ಎದೆ ಬಡಿದುಕೊಂಡ. ವಿಷಯ ತಿಳಿದ ಮೇಲೆ ತನ್ನ ಹಾಲಿನ ಕ್ಯಾನು ಕೊಟ್ಟು, ಉಳಿದ ಮಿಡಿಗಳನ್ನು ತಾನೇ ಒಂದೊಂದಾಗಿ ಎತ್ತಿ ಹಾಕಿದ. "ಕಾಶಿಗೆ ಇದೇ ಅಂಗಿಯಲ್ಲಿ ಹೋಗ್ತೀರಾ?" ಎಂದು ಮಾತ್ರ ಕೇಳಿದ.

ಯಲ್ಲಾಪುರ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಪೇಟೆಯ ಒಂದು ಸಣ್ಣ ಹೋಟೆಲಿನಲ್ಲಿ ಅನ್ನ ಸಾರು ಉಳಿದಿತ್ತು, ಪಲ್ಯ ಮುಗಿದಿತ್ತು. ಬಸಣ್ಣ ಕ್ಯಾನನ್ನು ನೋಡಿದ, ನನ್ನನ್ನು ನೋಡಿದ. "ಹಾದ್ಯಾಗ ಅರ್ಧ ಹೋತು. ಒಂದೊಂದು ತಿಂದ್ರ ಪಾಪ ಬರಂಗಿಲ್ರಿ." ಎರಡು ಮಿಡಿ ಎಲೆಗೆ ಬಂದವು.

ಸಾರು ಬಡಿಸಲು ಅಡುಗೆಯವರೇ ಬಂದರು. ನಲವತ್ತರ ಹತ್ತಿರದ, ತೆಳ್ಳಗಿನ ಮನುಷ್ಯ. ನನ್ನ ಎಲೆಯ ಮೇಲೆ ಬಾಗಿದವರು ಹಾಗೇ ನಿಂತು ಮೂಗೆಳೆದರು.

"ಈ ಮಿಡಿ ಎಲ್ಲಿದು?"

"ತ್ಯಾಗಲಿ ಕಡಿದ್ರಿ" ಎಂದ ಬಸಣ್ಣ. "ಗೌರಕ್ಕ ಅಂತ ಒಬ್ರು ಅವ್ವಾರು ಕೊಟ್ಟಾರ. ಅವರ ತಮ್ಮ ಸುಬ್ರಾಯ ಅಂತ, ಕಾಶ್ಯಾಗ ಭಾಳ ಓದ್ಯಾರಂತ. ಅವರಿಗೆ ಮುಟ್ಟಸಬೇಕ್ರಿ."

ಸೌಟಿನಿಂದ ಸಾರು ಬೀಳುತ್ತಲೇ ಇತ್ತು. ಎಲೆ ತುಂಬಿ, ಬೆಂಚು ದಾಟಿ, ನನ್ನ ಪಂಚೆಗೆ ಇಳಿಯಿತು. ಬಿಸಿ ತಾಳದೆ ನಾನು ಎದ್ದು ನಿಂತೆ. ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ಅವ ಕಾಶಿಗೆ ಹೋಗಿದ್ನೇ ಇಲ್ಲೆ" ಅಂದರು.

"ನಿಮಗ ಹೆಂಗ ಗೊತ್ತ್ರೀ?"

"ಆನೇ ಅವ" ಎಂದು ಎಡಗೈಯಿಂದ ತಮ್ಮ ಎದೆ ಮುಟ್ಟಿ ತೋರಿಸಿದರು.

ನಾವು ಮೂವರೂ ಆ ಬೆಂಚಿನ ಮೇಲೆ ಕುಳಿತೆವು. ಸುಬ್ರಾಯ ಭಟ್ಟರು ಸೌಟು ಹಿಡಿದುಕೊಂಡೇ ಹೇಳಿದರು. ಊರು ಬಿಟ್ಟಾಗ ಅವರಿಗೆ ಹತ್ತೊಂಬತ್ತು ವರ್ಷ. ನಡೆದು ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ರೈಲು ಹಿಡಿಯುವ ವಿಚಾರ. ಯಲ್ಲಾಪುರಕ್ಕೆ ಬರುವಷ್ಟರಲ್ಲಿ ಚಳಿಜ್ವರ ಹಿಡಿಯಿತು. ಈ ಹೋಟೆಲಿನ ಹಿಂದಿನ ಮಾಲೀಕರು ಗಂಜಿ ಕೊಟ್ಟು ಮಲಗಿಸಿದರು. ಜ್ವರ ಬಿಟ್ಟ ಮೇಲೆ ಉಪಕಾರ ತೀರಲಿ ಎಂದು ನಾಲ್ಕು ದಿನ ಹಿಟ್ಟು ರುಬ್ಬಿದರು. ಮುಂದಿನ ತಿಂಗಳು ಹೊರಟರಾಯಿತು ಎಂದುಕೊಂಡರು. ಸಿದ್ದಾಪುರ ಕಡೆಯವರು ಊಟಕ್ಕೆ ಬಂದರೆ ಹಿತ್ತಿಲಿಗೆ ಹೋಗಿ ಕಟ್ಟಿಗೆ ಒಡೆಯುತ್ತಿದ್ದರು.

"ಒಂದು ಸಲ ಮನೆಗೆ ಹೋಪಲಾಗ್ತಿತ್ತಿಲ್ಯ?" ಎಂದೆ.

"ಯಂತ ಮೋರೆ ಇಟ್ಕಂಡು ಹೋಪದು? ಊರವೆಲ್ಲ ಸೇರಿ ಹಾರ ಹಾಕಿ ಕಳ್ಸಿದ್ದ. ಕಾಶಿಗೆ ಹೇಳಿ ಹೊಂಟವ ಯಲ್ಲಾಪುರದಲ್ಲಿ ದೋಸೆ ಹೊಯ್ತ ಹೇಳಿ ಆಗ್ತಿಲ್ಯ?"

ಆಗ ನಾನು ಹೇಳಲೇಬೇಕಾಯಿತು. "ಎಂಗಳೂ ಕಾಶಿಗೆ ಹೊಂಟವಲ್ಲ ಭಟ್ರೇ. ಇದು ಬರೀ ಸೈಕಲ್ ಪರೀಕ್ಷೆ. ಎಂಗಳದ್ದೂ ಯಲ್ಲಾಪುರದ ತನಕವೇ."

ಅವರು ಎದ್ದು ಬಾಗಿಲಿಗೆ ಹೋಗಿ ಹಲಗೆಯನ್ನು ಓದಿದರು. ಗಂಗೆಯ ಎರಡು ಅಲೆಗಳನ್ನು ನೋಡಿದರು, ನನ್ನ ಉಪ್ಪಿನಕಾಯಿ ಅಂಗಿಯನ್ನು ನೋಡಿದರು. ಮೊದಲು ಹೆಗಲು ಕುಲುಕಿತು, ಆಮೇಲೆ ನಗೆ ಬಂತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ನೀರು ನಗೆಯದು ಮಾತ್ರ ಆಗಿರಲಿಲ್ಲ.

ಆದರೂ ಊರಿಗೆ ಬರಲು ಒಪ್ಪಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಆ ಹಿಂದಿನ ಮಾಲೀಕರ ಮಗ ರಜೆ ಕೊಟ್ಟರೂ ಒಪ್ಪಲಿಲ್ಲ. ಕೊನೆಗೆ ಬಸಣ್ಣನಿಗೆ ಸಿಟ್ಟು ಬಂತು. "ಅಲ್ರೀ, ಆ ಅವ್ವಾರು ಇನ್ನೂ ಇಪ್ಪತ್ತು ವರ್ಷ ಉಪ್ಪಿನಕಾಯಿ ಹಾಕ್ಕೋತ ಕೂಡಬೇಕೇನು? ನಾವು ಹೋಗಿ ಏನ್ ಹೇಳೂಣು? ಕಾಶಿ ಮುಟ್ಟಿಸಿವಿ ಅನ್ನೂಣೇನು? ನನಗ ಸುಳ್ಳು ಹೇಳಾಕ ಬರಂಗಿಲ್ಲ. ನಾಳೆ ಸುಮ್ನ ಬಸ್ಸಿಗೆ ಬರ್ರಿ."

ಭಟ್ಟರು ಬಹಳ ಹೊತ್ತು ಸೌಟನ್ನು ತೊಳೆದರು. ಬೆಳಿಗ್ಗೆ ನೋಡಿದರೆ ಮಡಿಸಿದ ಪಂಚೆ, ಕೈಚೀಲ ಹಿಡಿದು ನಮಗಿಂತ ಮೊದಲೇ ಬಸ್ಸಿನ ಹತ್ತಿರ ನಿಂತಿದ್ದರು.

ಎರಡೂ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಏರಿಸಿದೆವು. ಕಂಡಕ್ಟರು ಹಲಗೆಯನ್ನು ಓದಿ, "ಕಾಶಿಗೆ ನನ್ನ ಹತ್ರ ಟಿಕೆಟ್ ಇಲ್ಲ. ಶಿರಸಿ ತನಕ ಹರಿದು ಕೊಡ್ತೇನೆ" ಎಂದ. ಶಿರಸಿಯಲ್ಲಿ ಇಳಿದ ಮೇಲೆ ಭಟ್ಟರನ್ನು ಬಸಣ್ಣ ತನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡ.  ತ್ಯಾಗಲಿ ಹತ್ತಿರವಾದಾಗ ಅವರು ಇಳಿದು, "ಇಲ್ಲಿಂದ ನಡೀತೆ" ಎಂದರು. ನಾಲ್ಕು ಹೆಜ್ಜೆ ನಡೆದು, ಮತ್ತೆ ಬಂದು ಕ್ಯಾರಿಯರ್ ಹಿಡಿದುಕೊಂಡೇ ನಡೆದರು.

ಗೌರಕ್ಕ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಗೇರುತ್ತಿದ್ದಳು. ಮೊದಲು ನಮ್ಮನ್ನು ನೋಡಿದಳು, ಆಮೇಲೆ ಅವರನ್ನು. ಮೊರ ನಿಂತಿತು.

"ಅಕ್ಕಾ, ಆನು ಯಲ್ಲಾಪುರದಲ್ಲೇ ಇಪ್ಪದು" ಎಂದರು ಭಟ್ಟರು. ನಮಸ್ಕಾರಕ್ಕೂ ಮೊದಲು ಅದನ್ನೇ ಹೇಳಿಬಿಟ್ಟರು.

"ಯಲ್ಲಾಪುರದಲ್ಲಿ ಎಂತ ಮಾಡ್ತೆ?"

"ಹೋಟ್ಲಲ್ಲಿ ಅಡುಗೆ."

ಗೌರಕ್ಕ ಹತ್ತಿರ ಬಂದು ಮೊರದಿಂದ ಅವರ ಬೆನ್ನಿಗೆ ಒಂದು ಕೊಟ್ಟಳು. ಉಳಿದ ಅಕ್ಕಿ ನಮ್ಮೆಲ್ಲರ ಮೇಲೆ ಬಿತ್ತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಉಂಡಿದ್ಯ?" ಎಂದು ಕೇಳಿದಳು. ಅವರು ಇಲ್ಲವೆಂದು ತಲೆಯಾಡಿಸಿದರು. ಆಕೆ ಒಳಗೆ ಹೋದಳು. ನಾವು ಜಗಲಿಯಲ್ಲಿ ಕುಳಿತಿದ್ದಾಗ ಒಳಗಿನಿಂದ ಅಕ್ಕ ತಮ್ಮ ಇಬ್ಬರೂ ಸಾರಿಗೆ ಎಷ್ಟು ಹುಳಿ ಹಾಕಬೇಕೆಂದು ಜಗಳವಾಡುವುದು ಕೇಳಿಸಿತು. ಸಾರು ಕೊನೆಗೆ ಸ್ವಲ್ಪ ಹುಳಿಯೇ ಆಗಿತ್ತು. ನಾವು ಮೂರು ಸಲ ಹಾಕಿಸಿಕೊಂಡೆವು.

ಹೊತ್ತು ಇಳಿಯುವ ಮೊದಲು ಹೊರಟೆವು. ಗೌರಕ್ಕ ಬೇಲಿಯ ದಣಪೆಯ ತನಕ ಬಂದಳು. ನಮ್ಮ ಪರೀಕ್ಷೆಯ ಸವಾರಿಯ ಸಂಗತಿ ಊಟದ ಹೊತ್ತಿಗೆ ಆಕೆಗೆ ತಿಳಿದಿತ್ತು. ಅದಕ್ಕೆ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ.

"ಹಂಗಾರೆ ಕಾಶಿಗೆ ಯಾವಾಗ ಹೊರಡ್ತ್ರಿ?"

"ಬ್ಯಾಸಗ್ಯಾಗ್ರಿ ಅವ್ವಾರ" ಎಂದ ಬಸಣ್ಣ, ಸುಳ್ಳು ಹೇಳಲು ಬಾರದವನು.

ಗೌರಕ್ಕ ತಿರುಗಿ ಜಗಲಿಯ ಕಡೆ ನೋಡಿದಳು. ಸುಬ್ರಾಯ ಭಟ್ಟರು ಕಂಬಕ್ಕೆ ಒರಗಿ, ಕಾಲು ಚಾಚಿ, ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಹೋಗಿ ಬನ್ನಿ" ಎಂದಳು. "ದಾರಿ ಮಾತ್ರ ಇವನ ಹತ್ರ ಕೇಳದು ಬೇಡ."