ಪಾಪಕ್ಕ ಅಳದ ಅಳು

ನಮ್ಮ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವರ ನಿಜವಾದ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಸಿನಿಮಾದ ಹಸುಗೂಸುಗಳಿಗೆಲ್ಲ ಅಳು ಕೊಡುತ್ತಿದ್ದವರು ಅವರೇ, ಹಾಗಾಗಿ ಎಲ್ಲರಿಗೂ ಪಾಪಕ್ಕ. ಎತ್ತರದ ಆಳು, ಗಟ್ಟಿ ಮೈಕಟ್ಟು, ನರೆತ ಕೂದಲು. ಮೈಕಿನ ಮುಂದೆ ನಿಂತು, ಎರಡೂ ಅಂಗೈಗಳನ್ನು ಬಾಯಿಗೆ ಅಡ್ಡ ಹಿಡಿದು ಉಸಿರೆಳೆದರೆ ಸಾಕು, ಹೊರಗೆ ಕುಳಿತ ಹೊಸಬರು, "ಯಾರ್ದ್ರೀ ಮಗು, ಸ್ವಲ್ಪ ಎತ್ಕೊಳ್ರೀ" ಎಂದು ಗದರುತ್ತಿದ್ದರು.

ಸೌಂಡ್ ಇಂಜಿನಿಯರ್ ಆಗಿ ಇಪ್ಪತ್ತೆರಡು ವರ್ಷ ಅವರನ್ನು ರೆಕಾರ್ಡ್ ಮಾಡಿದವನು ನಾನು. ನಮ್ಮ ನಿರ್ದೇಶಕ ಮಹಾಶಯರಿಗೆ ಮಗುವಿನ ಅಳು ಎಂದರೆ ಎಲ್ಲ ಒಂದೇ. ಪಾಪಕ್ಕನಿಗೆ ಹಸಿವಿನದು ಬೇರೆ, ಕಿವಿನೋವಿನದು ಬೇರೆ, ನಿದ್ದೆ ಬಂದರೂ ಮಲಗಲೊಲ್ಲದ ರಗಳೆ ಇನ್ನೂ ಬೇರೆ. "ಸುಮ್ನೆ ಅಳಿ ಅಮ್ಮಾ" ಎಂದವರಿಗೆ, "ಎಷ್ಟು ತಿಂಗಳ ಮಗು? ಹೊಟ್ಟೆ ತುಂಬಿದ್ಯಾ?" ಎಂದು ಕೇಳಿ ತಲೆ ತಿನ್ನುತ್ತಿದ್ದರು. ಹಸಿವಿನ ಅಳು ಇದ್ದ ದಿನ ಬೆಳಗಿನಿಂದ ಏನೂ ತಿನ್ನುತ್ತಿರಲಿಲ್ಲ. ಮುಗಿದ ಮೇಲೆ ನನ್ನ ಊಟದ ಡಬ್ಬಿಯನ್ನೂ ಖಾಲಿ ಮಾಡಿಯೇ ಹೋಗುತ್ತಿದ್ದರು.

ಹೋದ ವರ್ಷ ಒಂದು ಸಿನಿಮಾ ಬಂತು. ಅದರಲ್ಲಿ ಆಗತಾನೇ ಹುಟ್ಟಿದ ಮಗು ಅಳುತ್ತಾ ಅಳುತ್ತಾ ತೀರಿಹೋಗುತ್ತದೆ. ಪಾಪಕ್ಕ ಆ ದೃಶ್ಯ ನೋಡಿ ಹೆಡ್‌ಫೋನ್ ತೆಗೆದಿಟ್ಟರು.

"ಇದೊಂದು ನನ್ ಕೈಲಿ ಆಗಲ್ಲ."

"ಯಾಕಕ್ಕಾ? ನಿಮಗೆ ಇದೇನು ಮಹಾ?"

"ಅಳ್ತೀನಿ. ಆ ಥರ ನಿಲ್ಸೋಕೆ ಆಗಲ್ಲ ಕಣೋ."

ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಹೇಳಿದರು. ಅವರಿಗೂ ಒಂದು ಮಗುವಾಗಿತ್ತು, ಹೆಣ್ಣು. ಹುಟ್ಟಿದ ಕೂಡಲೇ ಪಕ್ಕದ ಕೋಣೆಗೆ ಒಯ್ದರಂತೆ. ಕೈಗೆ ಕೊಡಲೇ ಇಲ್ಲ. ಅರ್ಧ ಗಂಟೆ ಗೋಡೆಯಾಚೆಯಿಂದ ಅಳು ಕೇಳಿತಂತೆ, ಅಷ್ಟೇ.

"ಅವತ್ತಿಂದ ಎಷ್ಟು ಮಕ್ಕಳ ಅಳು ಅತ್ತಿದೀನಿ! ಒಂದನ್ನೂ ಸಮಾಧಾನ ಮಾಡ್ದೆ ಬಿಟ್ಟಿಲ್ಲ. ಕೊನೇಲಿ ಒಂದು ಬಿಕ್ಕು, ಒಂದು ಸಣ್ಣ ನಿಟ್ಟುಸಿರು ಹಾಕೇ ಮುಗ್ಸೋದು. ಕೇಳಿ ನೋಡು ಬೇಕಾದ್ರೆ."

ನಿಜ. ಅಷ್ಟು ವರ್ಷ ಕೇಳಿಯೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

ನಿರ್ದೇಶಕರು ತಲೆ ಕೆಡಿಸಿಕೊಳ್ಳಲಿಲ್ಲ. "ಅವರ ಹಳೇ ರೆಕಾರ್ಡಿಂಗ್ ಎಲ್ಲಾ ಇದ್ಯಲ್ಲ? ಎಐಗೆ ಹಾಕಿ, ಅದೇ ಅಳುತ್ತೆ" ಎಂದರು. ಬೇಡ ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷದ ಅಳುಗಳನ್ನು ಹುಡುಕಿ ತೆಗೆದು, ನನ್ನ ಕೈಯಾರೆ ಕಂಪ್ಯೂಟರಿಗೆ ಹಾಕಿದೆ. ಊಟದ ಹೊತ್ತಿಗೆ ಅದು ಹನ್ನೊಂದು ಬಗೆಯಲ್ಲಿ ಅತ್ತು ಹನ್ನೊಂದು ಬಗೆಯಲ್ಲಿ ನಿಲ್ಲಿಸಿತು. ನಿರ್ದೇಶಕರು ನಾಲ್ಕನೆಯದನ್ನು ಆರಿಸಿ ನನ್ನ ಬೆನ್ನು ತಟ್ಟಿದರು.

ಆಮೇಲೆ ಪಾಪಕ್ಕನನ್ನು ಯಾರೂ ಕರೆಯಲಿಲ್ಲ. ಎಷ್ಟು ತಿಂಗಳ ಮಗು ಎಂದು ಕಂಪ್ಯೂಟರು ಕೇಳುವುದಿಲ್ಲ, ತಲೆಯನ್ನೂ ತಿನ್ನುವುದಿಲ್ಲ. ನಾನೂ ಫೋನ್ ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ?

ಸಿನಿಮಾ ಬಿಡುಗಡೆಯಾದ ವಾರ, ಒಂದು ಬೆಳಿಗ್ಗೆ ಅವರೇ ಬಂದರು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ನನ್ನೆದುರು ಕುಳಿತರು.

"ಸಿನಿಮಾ ನೋಡ್ದೆ. ಆ ಮಗು ನಾನೇ ಅಲ್ವಾ?"

"ಅದು ಕಂಪ್ಯೂಟರ್ ಮಾಡಿದ್ದು ಅಕ್ಕಾ..."

"ನನ್ ಉಸಿರು ನನಗೆ ಗೊತ್ತಾಗಲ್ವೇನೋ?"

ತಪ್ಪಾಯಿತು ಎಂದೆ. ಬಾಯಿಗೆ ಬಂದಂತೆ ಬೈದಿದ್ದರೆ ನಾನು ಹಗುರವಾಗುತ್ತಿದ್ದೆ. ಅವರು ಬೈಯಲಿಲ್ಲ. "ಇನ್ನೊಂದ್ಸಲ ಹಾಕು" ಎಂದರು.

ಹಾಕಿದೆ. ಮಗು ಅತ್ತಿತು, ಸಣ್ಣಗಾಯಿತು, ನಿಂತಿತು. ಬಿಕ್ಕು ಇಲ್ಲ, ನಿಟ್ಟುಸಿರು ಇಲ್ಲ. ಪಾಪಕ್ಕ ಸ್ಪೀಕರಿನ ಕಡೆ ಬಾಗಿ ಕಿವಿಯಿಟ್ಟರು.

"ಅವತ್ತೂ ಹಿಂಗೇ ನಿಂತಿದ್ದು," ಎಂದರು. "ಸದ್ಯ, ಮಲಗಿದ್ಳು ಅಂದ್ಕೊಂಡೆ. ನಾನೂ ಮಲಗ್ಬಿಟ್ಟೆ ಕಣೋ."