ಗುಳುಮುಳುಕನ ಹೊದಿಕೆ

ಹಕ್ಕಿಗಳನ್ನು ‘ಯಜಮಾನ್ರು’ ಎಂದು ಕರೆಯುತ್ತಿದ್ದವರು ನನಗೆ ಗೊತ್ತಿರುವಂತೆ ಅಮೀರ್ ಭಾಯ್ ಒಬ್ಬರೇ. ಕೆರೆ ಏರಿ ಇನ್ನೂ ದೂರವಿರುವಾಗಲೇ ಮೊಪೆಡ್ ಆಫ್ ಮಾಡಿ, ‘ಯಜಮಾನ್ರು ತಿಂಡಿ ತಿಂತಾವ್ರೆ ಮೇಷ್ಟ್ರೇ, ಸದ್ದು ಮಾಡ್ಬೇಡಿ’ ಎಂದು ತಳ್ಳಿಕೊಂಡು ನಡೆಯುತ್ತಿದ್ದರು. ಅಂಗಡಿಯಲ್ಲಿ ಗಿರಾಕಿಗೆ ಬಾಯಿ ತೆರೆಯಲೂ ಬಿಡದ ಮಾತುಗಾರ, ಕೆರೆ ಹತ್ತಿರ ಬಂದರೆ ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದರು.

ಹುಣಸೂರಿನ ಬಜಾರಿನಲ್ಲಿ ಅವರದು ಫೋಟೋಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ, ಎಲ್ಲಕ್ಕೂ ಅವರೇ ಗಾಜು ಕೊಯ್ದು ಮೊಳೆ ಹೊಡೆಯಬೇಕು. ಐವತ್ತು ದಾಟಿದ ಮೇಲೆ ಯಾರದೋ ಹಳೆಯ ಕ್ಯಾಮೆರಾ ಕೊಂಡು ಹಕ್ಕಿಗಳ ಹಿಂದೆ ಬಿದ್ದರು. ನಾನು ಪಕ್ಕದ ಹಳ್ಳಿಯ ಶಾಲೆ ಮೇಷ್ಟ್ರು. ಮಕ್ಕಳ ಗ್ರೂಪ್ ಫೋಟೋಗೆ ಕಟ್ಟು ಹಾಕಿಸಲು ಹೋದವನು ಅವರ ಶಿಷ್ಯನಾಗಿ ಹೊರಬಂದೆ, ನಾನೂ ಒಂದು ಕ್ಯಾಮೆರಾ ಕೊಂಡೆ.

ಅವರ ಚಿತ್ರಪ್ರದರ್ಶನ ನಡೆಯುತ್ತಿದ್ದುದು ನಮ್ಮೂರಿನ ಹಾಲಿನ ಡೇರಿಯಲ್ಲಿ. ‘ಟೌನಲ್ಲಿಟ್ರೆ ನಾಕು ಜನ ನೋಡ್ತಾರೆ. ಇಲ್ಲಿ ಎರಡೊತ್ತೂ ಊರೇ ನೋಡ್ತದೆ’ ಎನ್ನುತ್ತಿದ್ದರು. ಪಟಗಳ ಕೆಳಗೆ ಖಾಲಿ ಚೀಟಿ ಅಂಟಿಸಿ, ಹಾಲು ಹಾಕಲು ಬಂದವರನ್ನು ಕೇಳಿಯೇ ಹಕ್ಕಿಯ ಹೆಸರು ಬರೆಯುತ್ತಿದ್ದರು. ಒಮ್ಮೆ ಕೆಂಪಮ್ಮ ಎಂಬ ಅಜ್ಜಿ ಕ್ಯಾನು ಕೆಳಗಿಟ್ಟು, ‘ಅಯ್ಯೋ, ಇದ್ ನಮ್ ಗುಳುಮುಳ್ಕ ಕಣ್ರೀ ಸಾಬ್ರೇ! ದಿನಾ ನೋಡ್ತೀನಿ, ಇಷ್ಟ್ ಚೆಂದಾಗೈತೆ ಅಂತ ಗೊತ್ತೇ ಇರ್ನಿಲ್ಲ ಬುಡಿ’ ಎಂದರು. ಅಮೀರ್ ಭಾಯ್‌ಗೆ ಅವತ್ತು ಊಟವೇ ಬೇಕಾಗಲಿಲ್ಲ.

ಗುಳುಮುಳುಕ ಅಂದರೆ ಬುಳಕ್ಕನೆ ಮುಳುಗಿ ಇನ್ನೆಲ್ಲೋ ಏಳುವ ಪುಟ್ಟ ನೀರುಹಕ್ಕಿ. ಡೇರಿ ಗೋಡೆಗೆ ನನ್ನದೂ ಒಂದು ಪಟ ಏರಬೇಕೆಂಬ ಆಸೆ ನನಗೆ ಹತ್ತಿಬಿಟ್ಟಿತ್ತು. ಒಂದು ಭಾನುವಾರ ಬೆಳಿಗ್ಗೆ ಒಬ್ಬನೇ ಹೋಗಿ, ಮೊಣಕಾಲುದ್ದ ನೀರಿಗಿಳಿದು, ಗುಳುಮುಳುಕನ ತೇಲುವ ಗೂಡಿನ ಫೋಟೋ ತೆಗೆದೆ. ಐದು ಮೊಟ್ಟೆ, ಮೇಲೆ ಎಳೆಬಿಸಿಲು. ಮಧ್ಯಾಹ್ನವೇ ಪ್ರಿಂಟ್ ಹಾಕಿಸಿಕೊಂಡು ಅಂಗಡಿಗೆ ಓಡಿದೆ.

‘ಭೇಷ್ ಮೇಷ್ಟ್ರೇ! ನನ್ಗೇ ಹಿಂಗ್ ಬಂದಿಲ್ಲ’ ಎಂದು ಗಾಜಿಗೆ ಕೈ ಹಾಕಿದವರು ತಟಕ್ಕನೆ ನಿಂತರು. ‘ಮೊಟ್ಟೆ ಮೇಲೆ ಜೊಂಡು, ಪಾಚಿ ಇರ್ಲಿಲ್ವಾ?’

‘ಇತ್ತು ಭಾಯ್. ಕಸ ಅಂತ ತೆಗೆದೆ.’

‘ಕಸ ಅಲ್ಲ ಅದು. ಗೂಡು ಬಿಟ್ಟು ಹೋಗೋವಾಗ ಹಕ್ಕಿನೇ ಹೊದ್ಸಿ ಹೋಯ್ತದೆ, ಕಾಗೆ ಕಣ್ಣಿಗೆ ಬೀಳ್ದಂಗೆ.’

ಗಿರಾಕಿ ನಿಂತಿದ್ದರೂ ಬಾಗಿಲೆಳೆದು, ನನ್ನನ್ನು ಹಿಂದೆ ಕೂರಿಸಿಕೊಂಡು ಕೆರೆಗೆ ಹೊರಟರು. ಗೂಡಿನಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಹಕ್ಕಿ ಮಾತ್ರ ಮುಳುಗಿ ಮುಳುಗಿ, ಕೊಕ್ಕಿನಲ್ಲಿ ಪಾಚಿ ತಂದು ಆ ಬರಿ ಗೂಡಿಗೆ ಹೊದಿಸುತ್ತಿತ್ತು. ನಾನು ಅತ್ತುಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ, ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: ‘ಮೊದ್ಲನೇ ವರ್ಸ ನಾನೂ ಹಿಂಗೇ ತೆಗ್ದಿದ್ದೆ. ನಿಮ್ಗೆ ಮುಂಚೇನೇ ಹೇಳ್ಬೇಕಿತ್ತು. ನಾಚ್ಕೆಗೆ ಹೇಳ್ಲಿಲ್ಲ.’

ಆ ಫೋಟೋಗೆ ಕಟ್ಟು ಬೀಳಲಿಲ್ಲ. ನನ್ನ ಕ್ಯಾಮೆರಾ ಬೀರು ಸೇರಿತು. ಪ್ರತಿ ಶನಿವಾರ ಶಾಲೆ ಬಿಡುವ ಹೊತ್ತಿಗೆ ಅಮೀರ್ ಭಾಯ್ ಗೇಟಿನ ಮುಂದೆ ಮೊಪೆಡ್ ನಿಲ್ಲಿಸಿ, ‘ಯಜಮಾನ್ರು ನಿಮ್ಮನ್ನ ಕೇಳುದ್ರು’ ಎನ್ನುವರು. ನಾನು ತಲೆ ತಗ್ಗಿಸುವೆ, ಅವರು ಬಲವಂತ ಮಾಡದೆ ಹೋಗುವರು.

ಮುಂದಿನ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಆಗ ನಾನು ಕ್ಯಾಮೆರಾ ಹೊರತೆಗೆದೆ. ನೀರಿಗಿಳಿಯದೆ ಏರಿ ಮೇಲಿಂದಲೇ ಒಂದು ಫೋಟೋ ತೆಗೆದು ಅವರ ಮನೆಗೆ ಒಯ್ದೆ. ಅದರಲ್ಲಿದ್ದುದು ಕೆರೆಯ ನೀರು, ನಡುವೆ ಒಂದು ಗುಡ್ಡೆ ಒದ್ದೆ ಜೊಂಡು, ಅಷ್ಟೇ. ಅವರು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

‘ಎಷ್ಟ್... ಮೊಟ್ಟೆ?’ ನಾಲಿಗೆ ತೊದಲುತ್ತಿತ್ತು.

‘ಗೊತ್ತಿಲ್ಲ ಭಾಯ್.’

ಅರ್ಧ ಮುಖದಲ್ಲೇ ನಕ್ಕರು. ಕಣ್ಣು ತುಂಬಿತ್ತು. ಆಗಲೇ ಕಟ್ಟು ಹಾಕಬೇಕೆಂದು ಹಟ ಹಿಡಿದರು. ಚೌಕಟ್ಟನ್ನು ನಾನು ಒತ್ತಿ ಹಿಡಿದೆ, ಮೊಳೆಯನ್ನು ಅವರು ಎಡಗೈಯಲ್ಲಿ ಹೊಡೆದರು. ಮೂರು ಮೊಳೆ ಸೊಟ್ಟಗಾದವು. ಹದಿನೈದು ದಿನಕ್ಕೆ ಹೊರಟುಹೋದರು.

ಆ ಪಟ ಈಗ ಡೇರಿಯಲ್ಲಿದೆ. ಇದರಲ್ಲಿ ಹಕ್ಕಿ ಎಲ್ಲಿ ಎಂದು ಕೇಳಿದವರಿಗೆಲ್ಲ ನಾನು ಆ ಐದು ಮೊಟ್ಟೆಯ ಕಥೆಯನ್ನೇ ಮೊದಲು ಹೇಳುತ್ತೇನೆ, ನಾಚಿಕೆಯಾದರೂ ಹೇಳುತ್ತೇನೆ.