ಅಂಗಳದಲ್ಲಿ ಕೂಗಿದ ಮೋಟರು

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎಂದು ನಮ್ಮ ಅತ್ತೆ ನಾನು ಮದುವೆಯಾಗಿ ಬಂದ ವರ್ಷದಿಂದ ಹೇಳುತ್ತಿದ್ದಾರೆ. ಹೇಳಲಿ. ಈ ಸಿಟ್ಟು ಇಲ್ಲದಿದ್ದರೆ ನಮ್ಮ ಊರಿಗೆ ಹಾಲಿನ ಗಾಡಿ ಬರುತ್ತಲೇ ಇರಲಿಲ್ಲ.

ಊರು ಎಂದರೆ ಯಲ್ಲಾಪುರ ತಾಲೂಕಿನ ಹಿನ್ನೀರಿನ ಒಳಮಗ್ಗುಲಲ್ಲಿರುವ ಏಳು ಮನೆ. ಡಾಂಬರು ರಸ್ತೆ ಎದುರಿನ ದಡಕ್ಕೆ ಬಂದು ನಿಂತುಬಿಟ್ಟಿದೆ. ದೋಣಿ ಇಲ್ಲವೆಂದರೆ ಕಾಡುದಾರಿಯಲ್ಲಿ ಅರ್ಧ ದಿನ ಸುತ್ತಬೇಕು. ಆ ಎದುರು ದಡಕ್ಕೆ ಬೆಳಿಗ್ಗೆ ಏಳು ಗಂಟೆಗೆ ಹಾಲಿನ ಗಾಡಿ ಬರುವಂತೆ ಮಾಡಲು ನಾನು ನಾಲ್ಕು ವರ್ಷ ಅರ್ಜಿ ಹಿಡಿದು ಶಿರಸಿಯ ಡೈರಿ ಕಚೇರಿಗೆ ಅಲೆದೆ. ಕೊನೆಗೆ ಒಂದು ದಿನ ಸಾಹೇಬರ ಮೇಜಿನ ಮೇಲೆ ಹಾಲಿನ ಕ್ಯಾನನ್ನೇ ಇಟ್ಟು ಕೂಗಾಡಿದೆ. ಮುಂದಿನ ವಾರ ಗಾಡಿ ಬಂತು. ಬಂದ ಡ್ರೈವರ್ ಮೊದಲ ದಿನವೇ ಷರತ್ತು ಹಾಕಿದ: ವಾರದಲ್ಲಿ ಮೂರು ದಿನ ಹಾಲು ಬಾರದಿದ್ದರೆ ಗಾಡಿ ಬೇರೆ ದಾರಿ ಹಿಡಿಯುತ್ತದೆ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದೋಣಿಯ ಹಳೆಯ ಮೋಟರು ಕೈಕೊಟ್ಟಿತು. ಹೊಸದು ನಮಗೆ ಎಟಕುವ ಮಾತಲ್ಲ. ನಮ್ಮ ಮನೆಯವರು ಘಟ್ಟ ಇಳಿದು, ಮೀನುಗಾರನೊಬ್ಬನಿಂದ ಬಳಸಿದ ಮೋಟರು ತಂದರು. ಅವನು ಡ್ರಮ್ಮಿನಲ್ಲಿ ನೀರು ತುಂಬಿ, ಮೋಟರಿನ ಬಾಲ ಅದರಲ್ಲಿ ಮುಳುಗಿಸಿ ಓಡಿಸಿ ತೋರಿಸಿದನಂತೆ. ಒಂದೇ ಎಳೆತಕ್ಕೆ ಚಾಲೂ ಆಯಿತು ಎಂದು ಇವರು ಬಹಳ ಖುಷಿಯಲ್ಲಿದ್ದರು.

ಮರುದಿನ ಆಯುಧಪೂಜೆ. ನಮ್ಮ ಊರಿನಲ್ಲಿ ಯಂತ್ರದ ಪೂಜೆ ಎಂದರೆ ಕುಂಕುಮ ಹಚ್ಚಿ ಕೈಮುಗಿದು ಮುಗಿಸುವುದಲ್ಲ. ಕಳೆ ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಪಂಪು, ಬೈಕು ಎಲ್ಲವೂ ಅಂಗಳದಲ್ಲಿ ಸಾಲಾಗಿ ನಿಂತು, ಚಾಲೂ ಆಗಿ, ಕೂಗುತ್ತಲೇ ಮಂಗಳಾರತಿ ತೆಗೆದುಕೊಳ್ಳಬೇಕು. ಸುಮ್ಮನೆ ಕೂತ ಯಂತ್ರಕ್ಕೆ ಎತ್ತಿದ ಆರತಿ ದೇವರಿಗೆ ಮುಟ್ಟುವುದಿಲ್ಲ ಎಂಬ ನಂಬಿಕೆ. ಬೈಕಿನ ಗಾಲಿಯಡಿ ಲಿಂಬೆಹಣ್ಣು ಇಟ್ಟಾಯಿತು. ಗಾಲಿಯೇ ಇಲ್ಲದ ಮೋಟರಿಗೆ ಲಿಂಬೆ ಎಲ್ಲಿಡುವುದೆಂದು ಭಟ್ಟರೂ ತಲೆ ಕೆರೆದುಕೊಂಡರು. ಮರದ ಹಲಗೆಗೆ ಬಿಗಿದ ಮೋಟರಿಗೆ ಚೆಂಡುಹೂವಿನ ಮಾಲೆ ಹಾಕಿ ಏಳೂ ಮನೆಯವರು ಸುತ್ತ ನಿಂತೆವು. ಇವರು ಮಾತ್ರ ಹಗ್ಗ ಎಳೆಯಲು ಹಿಂದೆಮುಂದೆ ನೋಡಿದರು.

“ಇದ್ನ ಇಲ್ಲಿ ಚಾಲೂ ಮಾಡದು ಬ್ಯಾಡ, ನಾಳೆ ದೋಣಿಲ್ಲೇ…” ಎಂದು ಏನೋ ಹೇಳಲು ಹೊರಟರು.

“ಪೂಜೆ ಹೊತ್ತಿಗೆ ಎಂತ ಅಪಶಕುನ ಮಾತಾಡ್ತ್ರಿ? ಎಳೀರಿ ಹಗ್ಗ!” ಎಂದೆ.

ಎಳೆದರು. ಎದುರು ಗುಡ್ಡಕ್ಕೂ ಕೇಳುವಂತೆ ಕೂಗಿತು ಮೋಟರು. ಏಳು ಮನೆಯ ಹೆಂಗಸರು ಒಬ್ಬೊಬ್ಬರಾಗಿ ಆರತಿ ಎತ್ತಬೇಕಲ್ಲ, ಹೊತ್ತು ಹಿಡಿಯಿತು. ನಡುವೆ ಇವರ ಕೈ ಮೆಲ್ಲಗೆ ಬಂದ್ ಮಾಡುವ ಗುಂಡಿಯತ್ತ ಹೋಯಿತು. “ಆರತಿ ಇನ್ನೂ ಮುಗದ್ದಿಲ್ಲೆ!” ಎಂದು ಎಲ್ಲರ ಎದುರು ಗದರಿದೆ. ಕೈ ಹಿಂದೆ ಬಂತು.

ಮರುದಿನ ಬೆಳಿಗ್ಗೆ ಆರು ಕ್ಯಾನು ಹಾಲು ಹೇರಿಕೊಂಡು ಹೊರಟೆವು. ನಡುನೀರಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ, ಹೊಗೆ, ಆಮೇಲೆ ಮೌನ. ಎಷ್ಟು ಎಳೆದರೂ ಇಲ್ಲ. ಇವರು ಹುಟ್ಟು ಹಾಕಿ ದಡ ಸೇರಿಸುವ ಹೊತ್ತಿಗೆ ಗಾಡಿ ಹೋಗಿ ಅರ್ಧ ಗಂಟೆಯಾಗಿತ್ತು.

ನನ್ನ ರಕ್ತ ಕುದಿಯಿತು. ದಡದಲ್ಲೇ ನಿಂತು ಮಾರಿದವನಿಗೆ ಫೋನ್ ಹಚ್ಚಿದೆ. ಕಳ್ಳ, ಮೋಸಗಾರ, ಡ್ರಮ್ಮಿನಲ್ಲಿ ಆಟ ತೋರಿಸಿ ಗುಜರಿ ಮಾರಿದವ, ನಿನ್ನ ಮನೆಯ ದೋಣಿ ಮುಳುಗಲಿ, ಬಾಯಿಗೆ ಬಂದದ್ದೆಲ್ಲ ಅಂದೆ. “ಅಮಾ, ಒಂದ್ ಮಾತ್ ಕೇಳ್ತೆ…” ಎಂದು ಅವನು ಶುರುಮಾಡಿದ. ಕೇಳಲು ನಾನು ಬಿಡಲಿಲ್ಲ.

“ಯಲ್ಲಾಪುರಕ್ಕೆ ಒಯ್ದು ಬಿಚ್ಚಿಸಿ ನೋಡನ” ಎಂದರು ಇವರು. ಬೇಡವೇ ಬೇಡ ಎಂದೆ. ಕಳ್ಳನ ಮೋಟರಿಗೆ ನಾವೇಕೆ ಮೆಕ್ಯಾನಿಕ್ ಹಿಡಿಯಬೇಕು? ಅವನೇ ಬಂದು ಹೊತ್ತುಕೊಂಡು ಹೋಗಲಿ. ದಿನವೂ ಬೆಳಿಗ್ಗೆ ಫೋನ್, ದಿನವೂ ಬೈಗುಳ. ಅವನು ಎತ್ತುವುದನ್ನೇ ಬಿಟ್ಟ. ನೋಡಿ, ಕಳ್ಳನ ಲಕ್ಷಣ ಎಂದು ಏಳು ಮನೆಗೂ ಹೇಳಿಕೊಂಡು ಬಂದೆ.

ಅಷ್ಟು ದಿನವೂ ಇವರು ಐದು ಗಂಟೆಗೆ ಎದ್ದು ಹುಟ್ಟು ಹಾಕಿದರು. ಇವರ ಬಲ ಭುಜ ಮೊದಲೇ ಸರಿಯಿಲ್ಲ, ಮರದಿಂದ ಬಿದ್ದ ಪೆಟ್ಟು. ಮೊದಲ ವಾರ ಹೇಗೋ ಮುಟ್ಟಿಸಿದರು. ಎರಡನೆಯ ವಾರ ಗಾಳಿ ಎದುರಾಗಿ ಸೋಮವಾರ ತಪ್ಪಿತು, ಬುಧವಾರ ತಪ್ಪಿತು. ಶುಕ್ರವಾರ ನಾವಿನ್ನೂ ದಡದಿಂದ ಒಂದು ಕೂಗಳತೆ ದೂರದಲ್ಲಿರುವಾಗ ಡ್ರೈವರ್ ಗಾಡಿ ತಿರುಗಿಸಿದ. “ನಾಳಿಂದ ಈ ಕಡೆ ಬರೂದಿಲ್ರಿ ಅಕ್ಕಾರ!” ಎಂದು ಕೂಗಿ ಹೋದ. ನಾಲ್ಕು ವರ್ಷದ ನನ್ನ ಅಲೆದಾಟ ಆ ಗಾಡಿಯ ಹಿಂದೆ ಎದ್ದ ಧೂಳಾಯಿತು. ಕ್ಯಾನುಗಳ ನಡುವೆ ಕೂತು ಅಳತೊಡಗಿದೆ, ಅಳುತ್ತಲೇ ಮಾರಿದವನಿಗೆ ಶಾಪ ಹಾಕಿದೆ.

ಅವನ ಮೋಸಕ್ಕೆ ಸಾಕ್ಷಿ ಬೇಕೆಂದು ನಾನೇ ಹಟ ಹಿಡಿದು ಮೋಟರನ್ನು ಯಲ್ಲಾಪುರಕ್ಕೆ ಒಯ್ಯಿಸಿದೆ. ಮೆಕ್ಯಾನಿಕ್ ಕೆಳಗಿನ ಭಾಗ ಬಿಚ್ಚಿ, ಎಸಳುಗಳೆಲ್ಲ ಸುಟ್ಟು ಉದುರಿದ ಒಂದು ಸಣ್ಣ ರಬ್ಬರಿನ ಚಕ್ರವನ್ನು ನನ್ನ ಅಂಗೈಗೆ ಹಾಕಿದ.

“ನೀರಿಲ್ದ ಓಡಿಸೀರಿ, ಅಕ್ಕಾರ. ಮೋಟರ್ ತಂಪಿಡಾಕ ನೀರು ಎಳಿಯೂದು ಇದಽ. ನೀರಾಗಿಂದ ಹೊರಗ ಚಾಲೂ ಮಾಡಿದ್ರ ಇದು ಉಳಿಯೂದಿಲ್ಲ. ಬ್ಯಾರೆ ಹಾಕಾಕ ಒಂದು ತಾಸು ಸಾಕ್ರಿ. ಅವತ್ತಽ ತಂದಿದ್ರ ಅವತ್ತಽ ಕೊಡ್ತಿದ್ದೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಎರಡು ವಾರ ಒಬ್ಬ ನಿರಪರಾಧಿಯನ್ನು ಸುಟ್ಟಿದ್ದೆ. ಅವನಿಗೆ ಇವತ್ತಿಗೂ ಫೋನ್ ಮಾಡುವ ಧೈರ್ಯವಾಗಿಲ್ಲ. ಆದರೆ ಅಂದು ನಾಚಿಕೆಗಿಂತ ಮೊದಲು ಬಂದದ್ದು ಮತ್ತೆ ಸಿಟ್ಟೇ. ಅಂಗಡಿಯ ಬಾಗಿಲಲ್ಲೇ ಇವರತ್ತ ತಿರುಗಿದೆ.

“ಮಾರಿದವ ನಿಮಗೆ ಇದ್ನ ಹೇಳಿದಿದ್ನಾ?”

“ಹೇಳಿದಿದ್ದ. ಎರಡು ಸಲ.”

“ಗಾಡಿ ಹೋಪಲ್ಲಿವರೆಗೂ ಬಾಯಿಗೆ ಬೀಗ ಹಾಕ್ಯಂಡು ಎಂತಕ್ಕೆ ಕೂತಿದ್ರಿ?”

ಇವರು ನನ್ನ ಮುಖ ನೋಡಲಿಲ್ಲ. ದನಿ ಏರಿಸಲೂ ಇಲ್ಲ.

“ನಿಂಗೆ ಹೇಳದಕ್ಕಿಂತ ಹುಟ್ಟು ಹಾಕದೇ ಹಗುರ ಅನಿಸ್ತು” ಎಂದರು.

ವಾಪಸು ಬರುವಾಗ ರಿಕ್ಷಾದಲ್ಲಿ ಮೋಟರನ್ನು ಇವರು ಎಡಗೈಯಿಂದ ತಬ್ಬಿಕೊಂಡು ಕೂತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು, ಎತ್ತಲು ಬರುತ್ತಿರಲಿಲ್ಲ. ಅವತ್ತು ಬಂದಷ್ಟು ಸಿಟ್ಟು ನನಗೆ ಹುಟ್ಟಿದಾರಭ್ಯ ಬಂದಿಲ್ಲ, ಆದರೆ ಬೈಯಲು ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.